ಲಾಂಚ್, ಬರ್ನ್‌ಔಟ್ ಮತ್ತು ಮುರಿದ ಪಿನಿಯನ್: ನನ್ನ ಅನುಭವ

ನನ್ನ ಫೋರ್ಡ್ ಮಸ್ಟ್ಯಾಂಗ್ ಕಾರಿನ ಹಿಂದಿನ ಗೇರ್ ಮುರಿದದ್ದು ಬರ್ನ್‌ಔಟ್ (ಹಿಂದಿನ ಚಕ್ರವನ್ನು ಜಾರಿಸಿ ತಿರುಗಿಸಿ ಟೈರ್ ಕಾಯಿಸುವುದು) ಮಾಡುವಾಗ ಅಲ್ಲ. ಬರ್ನ್‌ಔಟ್ ಮುಗಿದ ಅರ್ಧ ಸೆಕೆಂಡಿಗೆ. ಅಬುಧಾಬಿಯ ಯಾಸ್ ಮರೀನಾದ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ (ನಿಂತಲ್ಲಿಂದ ನೇರಕ್ಕೆ ರೇಸ್ ಓಡಿಸುವ ಜಾಗ), ನೀರು ಹಾಕಿದ ಜಾಗದಲ್ಲಿ ನಿಂತು ಹಿಂದಿನ ಚಕ್ರ ತಿರುಗಿಸಿದೆ. ಹೊಗೆ ಬಂತು. ಗಾಡಿ ನಿಧಾನಕ್ಕೆ ಮುಂದೆ ಸರಿಯಿತು. ನಾನು ಆಕ್ಸಲರೇಟರ್ ಮೇಲಿಂದ ಕಾಲು ತೆಗೆಯಲಿಲ್ಲ. ಚಕ್ರ ಒದ್ದೆ ಜಾಗ ದಾಟಿ ಒಣ ಜಾಗಕ್ಕೆ ಬಂತು. ಅಲ್ಲಿ ಸಾವಿರಾರು ಗಾಡಿಗಳ ರಬ್ಬರ್ ಮೆತ್ತಿಕೊಂಡಿರುತ್ತದೆ. ನಡೆದುಕೊಂಡು ಹೋದರೆ ಚಪ್ಪಲಿ ಹಿಡಿದುಕೊಳ್ಳುತ್ತದೆ. ಹಿಂಭಾಗ ನಾಲ್ಕೈದು ಸಲ ದಡದಡ ಅಂತ ಕುಣಿಯಿತು. ಆಮೇಲೆ ಒಂದು ಟಣ್. ಅಷ್ಟೇ.

ಅದು 2012. ಆಗ ನಾನು ಶಾರ್ಜಾದಲ್ಲಿ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ಗಾಡಿ 2006ರ ಮಸ್ಟ್ಯಾಂಗ್ ಜಿಟಿ. 4.6 ಲೀಟರ್ ವಿ8 ಎಂಜಿನ್, 300 ಹಾರ್ಸ್‌ಪವರ್, ಐದು ಗೇರಿನ ಮ್ಯಾನ್ಯುಯಲ್. ಮುಂಭಾಗ ಗುದ್ದಿದ್ದ ಗಾಡಿಯನ್ನು ಕಮ್ಮಿ ದುಡ್ಡಿಗೆ ಕೊಂಡು, ರಜೆಯ ದಿನಗಳಲ್ಲೆಲ್ಲ ಕೂತು ರಿಪೇರಿ ಮಾಡಿದ್ದೆ. ಆ ರಾತ್ರಿ ಅದನ್ನು ಟೋ ಮಾಡಿಸಿಕೊಂಡು ಬಂದೆ. ಮಾರನೇ ದಿನ ಹಿಂದಿನ ಆಕ್ಸಲ್ ಕವರ್ ಬಿಚ್ಚಿದಾಗ ಎಣ್ಣೆಯ ಜೊತೆ ಪಿನಿಯನ್ನಿನ (ಆಕ್ಸಲ್ ಒಳಗಿನ ದೊಡ್ಡ ರಿಂಗ್ ಗೇರನ್ನು ತಿರುಗಿಸುವ ಚಿಕ್ಕ ಗೇರ್) ಎರಡು ಹಲ್ಲು ಟ್ರೇಗೆ ಬಿತ್ತು. ಅದರಲ್ಲಿ ಒಂದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಈಗ ಹಾಸನದಲ್ಲಿ ನನ್ನದೇ ಗ್ಯಾರೇಜ್ ಇದೆ. ಜಾಸ್ತಿ ಕೆಲಸ ಪಿಕಪ್, ಜೀಪು, ಆಲೂಗಡ್ಡೆ ಕಾಲದಲ್ಲಿ ಟ್ರ್ಯಾಕ್ಟರ್. ಆದರೂ ಹುಡುಗರು ಬಂದು ಆ ಹಲ್ಲನ್ನು ಕೈಯಲ್ಲಿ ಹಿಡಿದು ಕೇಳುತ್ತಾರೆ. "ಅಣ್ಣಾ, ಮಸಲ್ ಕಾರ್ ಮಾಡಿರೋದೇ ಇದಕ್ಕೆ ಅಲ್ವಾ? ಲಾಂಚ್ ಮಾಡಿದರೆ, ಬರ್ನ್‌ಔಟ್ ಮಾಡಿದರೆ ಹಾಳಾಗುತ್ತಾ?" ಮಸಲ್ ಕಾರ್ ಅಂದರೆ ದೊಡ್ಡ ಎಂಜಿನ್ನಿನ ಅಮೆರಿಕದ ಗಾಡಿ, ಲಾಂಚ್ ಅಂದರೆ ನಿಂತಲ್ಲಿಂದ ಪೂರ್ತಿ ಜೋರಿನಲ್ಲಿ ಹೊರಡುವುದು. ನಾನೇ ಮುರಿದು, ಬಿಚ್ಚಿ, ಅಳೆದು ತಿಳಿದುಕೊಂಡಿದ್ದನ್ನು ಹೇಳುತ್ತೇನೆ.

ಇದರ ಮೊದಲ ಪಾಠ ನನಗೆ ಗಲ್ಫಿನಲ್ಲಿ ಸಿಕ್ಕಿದ್ದಲ್ಲ, ಸಕಲೇಶಪುರದಲ್ಲಿ. ಹುಡುಗನಾಗಿ ಅಲ್ಲಿ ಕೆಲಸ ಕಲಿಯುತ್ತಿದ್ದೆ. ಮಳೆಗಾಲ ಬಂತೆಂದರೆ ಹಾನುಬಾಳು ಕಡೆಯ ಎಸ್ಟೇಟ್ ಜೀಪುಗಳು ಆಕ್ಸಲ್ ಶಾಫ್ಟ್ ಮುರಿದುಕೊಂಡು ಬರುತ್ತಿದ್ದವು. ಬೇಸಿಗೆಯಲ್ಲಿ ಕಾಫಿ ಮೂಟೆ ಹೇರಿಕೊಂಡು ಏರು ಹತ್ತಿದರೂ ಏನೂ ಆಗದ ಶಾಫ್ಟ್ ಮಳೆಯಲ್ಲಿ ಯಾಕೆ ಮುರಿಯುತ್ತದೆ ಅಂತ ಮೇಸ್ತ್ರಿಯನ್ನು ಕೇಳಿದೆ. ಅವರು ಹೇಳಿದರು: ಕೆಸರಿನಲ್ಲಿ ಚಕ್ರ ಗಿರಗಿರ ತಿರುಗುವಾಗ ಶಾಫ್ಟಿಗೆ ಭಾರವೇ ಇಲ್ಲ. ಹಾಗೆ ತಿರುಗುತ್ತಿರುವಾಗಲೇ ಅಡಿಯಲ್ಲಿ ಕಲ್ಲು ಸಿಕ್ಕಿತೋ, ಅಷ್ಟು ವೇಗವೂ ಒಂದೇ ಗಳಿಗೆಗೆ ನಿಲ್ಲಬೇಕು. ಆ ಏಟನ್ನು ತಿನ್ನುವುದು ಶಾಫ್ಟ್. ಹೂತ ಜೀಪನ್ನು ಎಳೆಯುವಾಗಲೂ ಅವರದು ಒಂದೇ ಮಾತು. "ಸರಪಳಿ ಸಡಿಲ ಬಿಟ್ಟು ಎಳೀಬೇಡ. ಮೊದಲು ಬಿಗಿ ಮಾಡು, ಆಮೇಲೆ ಎಳಿ."

ಯಾಸ್‌ನಲ್ಲಿ ನಾನು ಮಾಡಿದ ತಪ್ಪು ಅದೇ. ಒದ್ದೆ ಜಾಗ ಕೆಸರು. ಒಣ ಜಾಗ ಕಲ್ಲು.

ಸ್ವಲ್ಪ ಲೆಕ್ಕ ಹೇಳುತ್ತೇನೆ. ಆ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 434 ನ್ಯೂಟನ್ ಮೀಟರ್. ಮೊದಲ ಗೇರಿನ ಅನುಪಾತ 3.38, ಹಿಂದಿನ ಆಕ್ಸಲ್‌ನದು 3.55. ಎರಡೂ ಸೇರಿ 12 ಪಟ್ಟು. ಅಂದರೆ ಆಕ್ಸಲ್‌ಗೆ ಮುಟ್ಟುವುದು 5,200ರ ಹತ್ತಿರ. ಕ್ಲಚ್ ದಿಢೀರ್ ಬಿಟ್ಟರೆ ಇನ್ನೂ ಜಾಸ್ತಿ, ಯಾಕೆಂದರೆ ಜೋರಾಗಿ ತಿರುಗುತ್ತಿರುವ ಫ್ಲೈವೀಲ್ ತನ್ನ ವೇಗವನ್ನೆಲ್ಲ ಅದರ ಮೇಲೆ ಸುರಿಯುತ್ತದೆ. ಇಷ್ಟೊಂದು ಬಲ ಬಂದರೂ ರಸ್ತೆಯ ಮೇಲೆ ಏನೂ ಮುರಿಯುವುದಿಲ್ಲವಲ್ಲ, ಯಾಕೆ? ಟೈರ್ ಜಾರಿಬಿಡುತ್ತದೆ. ಮನೆಯ ಫ್ಯೂಸ್ ಇದ್ದ ಹಾಗೆ ಅದು. ಮಾಮೂಲಿ ಟೈರ್ ಹಾಕಿ ಚಕ್ರ ತಿರುಗಿಸಿದರೆ ಗೇರಿಗೆ, ಶಾಫ್ಟಿಗೆ ಬೀಳುವ ಭಾರ ನಾವು ಅಂದುಕೊಳ್ಳುವುದಕ್ಕಿಂತ ಕಮ್ಮಿ. ನಾನು ಆ ದಿನ ಡ್ರ್ಯಾಗ್ ರೇಡಿಯಲ್ ಹಾಕಿದ್ದೆ. ಅದು ಮೆತ್ತನೆಯ, ಅಂಟುವ ಟೈರ್. ಫ್ಯೂಸ್ ಕಿತ್ತು ದಪ್ಪ ತಂತಿ ಸುತ್ತಿದ ಹಾಗಾಯಿತು.

ಆ ದಡದಡ ಕುಣಿತಕ್ಕೆ ವೀಲ್ ಹಾಪ್ ಅನ್ನುತ್ತಾರೆ. ಟೈರ್ ರಸ್ತೆ ಹಿಡಿಯುತ್ತದೆ, ಆಕ್ಸಲ್ ಹಿಡಿದ ಆರ್ಮ್‌ಗಳ ರಬ್ಬರ್ ಬುಷ್ ಬಾಗುತ್ತದೆ, ಟೈರ್ ಬಿಡುತ್ತದೆ, ಬುಷ್ ವಾಪಸ್ ಚಿಮ್ಮುತ್ತದೆ, ಟೈರ್ ಮತ್ತೆ ಹಿಡಿಯುತ್ತದೆ. ಕಣ್ಣು ಮಿಟುಕಿಸುವುದರಲ್ಲಿ ಇದು ಹಲವು ಸಲ ಆಗುತ್ತದೆ. ಪ್ರತಿ ಸಲವೂ ಪಿನಿಯನ್ ಮೇಲೆ ಸುತ್ತಿಗೆ ಏಟು. ಡ್ರ್ಯಾಗ್ ಮಾಡುವವರಲ್ಲಿ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೂ ಬಲ ಹಂಚುವ ಗೇರುಗಳು) ಒಡೆದುಕೊಂಡು ನಮ್ಮ ಗ್ಯಾರೇಜಿಗೆ ಬಂದವರನ್ನು "ಹಿಂಭಾಗ ಕುಣಿಯಿತಾ?" ಅಂತ ಕೇಳಿದರೆ ಬಹುತೇಕ ಎಲ್ಲರೂ ಹೌದು ಅನ್ನುತ್ತಿದ್ದರು.

ದೊಡ್ಡ ಕಂಪನಿಗಳೂ ಇದರ ಜೊತೆ ಗುದ್ದಾಡಿವೆ. 2009ರ ಕ್ಯಾಡಿಲಾಕ್ ಸಿಟಿಎಸ್-ವಿ ಗಾಡಿಯಲ್ಲಿ ಡಿಫರೆನ್ಷಿಯಲ್‌ನಿಂದ ಎಡ ಬಲದ ಚಕ್ರಕ್ಕೆ ಹೋಗುವ ಹಾಫ್ ಶಾಫ್ಟ್‌ಗಳನ್ನು ಬೇಕೆಂದೇ ಬೇರೆ ಬೇರೆ ದಪ್ಪಕ್ಕೆ ಮಾಡಿದರು. ಎರಡೂ ಒಂದೇ ತಾಳಕ್ಕೆ ಕುಣಿಯಬಾರದು ಅಂತ. ಈ ಉಪಾಯ ಕಂಡು ನಾನು ಬೆರಗಾದೆ. 2018ರ ಡಾಡ್ಜ್ ಚಾಲೆಂಜರ್ ಡೀಮನ್ 840 ಹಾರ್ಸ್‌ಪವರ್‌ನ ಗಾಡಿ, ಡ್ರ್ಯಾಗ್‌ಗೆಂದೇ ಮಾಡಿದ್ದು. ಅದಕ್ಕೆ 41 ಸ್ಪ್ಲೈನ್‌ನ (ಶಾಫ್ಟ್ ತುದಿಯಲ್ಲಿ ಕೊರೆದ ಹಲ್ಲು) ದಪ್ಪ ಹಾಫ್ ಶಾಫ್ಟ್ ಕೊಟ್ಟರು. ಅದರ ಲಾಂಚ್ ಅಸಿಸ್ಟ್ ಚಕ್ರದ ವೇಗ ನೋಡುತ್ತಲೇ ಇರುತ್ತದೆ. ಹಾಪ್ ಶುರುವಾದ ತಕ್ಷಣ ಎಂಜಿನ್ ಟಾರ್ಕ್ ತಗ್ಗಿಸುತ್ತದೆ. ಲಾಂಚ್‌ಗೆಂದೇ ಹುಟ್ಟಿದ ಗಾಡಿಗೇ ಇಷ್ಟೊಂದು ಕಾವಲು ಬೇಕು.

ಮತ್ತೆ ನನ್ನ ಗಾಡಿಗೆ ಬರೋಣ. ಹೊಸ ರಿಂಗ್, ಪಿನಿಯನ್ ಹಾಕಿದೆ. ಹಲ್ಲುಗಳ ನಡುವಿನ ಸಡಿಲ 0.20ರಿಂದ 0.38 ಮಿಲಿಮೀಟರ್ ಒಳಗೆ ಇರಬೇಕು. ಡಯಲ್ ಗೇಜ್ ಇಟ್ಟು, ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ ಬದಲಿಸಿ ಎರಡು ರಾತ್ರಿ ಕೂತೆ. ಆ ಆಕ್ಸಲ್‌ನಲ್ಲಿ ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಇದೆ, ಅದರ ಒಳಗೆ ಕ್ಲಚ್ ಪ್ಲೇಟ್‌ಗಳಿವೆ. ಅದಕ್ಕೆ ಎಣ್ಣೆಯ ಜೊತೆ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟ್ ನುಣ್ಣಗೆ ಜಾರಲು ಬೆರೆಸುವ ದ್ರವ) 118 ಮಿಲಿ ಹಾಕಲೇಬೇಕು. ಹಾಕದಿದ್ದರೆ ತಿರುವಿನಲ್ಲಿ ಕಟಕಟ ಅನ್ನುತ್ತದೆ. ಕೆಳಗಿನ ಕಂಟ್ರೋಲ್ ಆರ್ಮ್ ಎರಡನ್ನೂ ಗಟ್ಟಿ ಬುಷ್ ಇರುವುದಕ್ಕೆ ಬದಲಿಸಿದೆ. ಗಾಡಿ ಒಳಗೆ ಸದ್ದು ಸ್ವಲ್ಪ ಜಾಸ್ತಿ ಆಯಿತು, ಹಾಪ್ ನಿಂತಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ನನ್ನ ಎಡಗಾಲಿನಲ್ಲಿ. ಗೇರ್‌ಬಾಕ್ಸಿನಲ್ಲಿ ಒಂದಿಷ್ಟು ಸಡಿಲ, ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟ್‌ನಲ್ಲಿ ಒಂದಿಷ್ಟು, ಪಿನಿಯನ್‌ನಲ್ಲಿ ಒಂದಿಷ್ಟು. ಕ್ಲಚ್ ದಿಢೀರ್ ಬಿಟ್ಟರೆ ಅಷ್ಟೂ ಸಡಿಲ ಜೋರಾಗಿ ಮುಚ್ಚಿಕೊಂಡು ಗುದ್ದುತ್ತದೆ. ಹಾಗಾಗಿ ಮೊದಲು ಕ್ಲಚ್ಚನ್ನು ಗಾಡಿ ಹಿಂದಕ್ಕೆ ಚೂರು ಕುಳಿತುಕೊಳ್ಳುವ ತನಕ ಮಾತ್ರ ಬಿಡುತ್ತಿದ್ದೆ. ಅಲ್ಲಿಗೆ ಸರಪಳಿ ಬಿಗಿಯಾಯಿತು. 2,500 ಆರ್‌ಪಿಎಂ ಹಿಡಿದು, ದೀಪ ಹಸಿರಾದಾಗ ಉಳಿದದ್ದನ್ನು ಬಿಡುತ್ತಿದ್ದೆ. ಹೀಗೆ ಮಾಡಿದರೆ ಕ್ಲಚ್ ಸವೆಯುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಸವೆಯಲಿ. ಕ್ಲಚ್ ಪ್ಲೇಟ್ ಬಳಪದ ಹಾಗೆ, ಇರುವುದೇ ಸವೆಯುವುದಕ್ಕೆ. ಪಿನಿಯನ್ ಹಾಗಲ್ಲ.

ಮುಂದಿನ ಸೀಸನ್ ಪೂರ್ತಿ ಪುಸ್ತಕದಲ್ಲಿ ಬರೆದಿಟ್ಟೆ. 64 ಲಾಂಚ್. ಕೊನೆಗೆ ಎಲ್ಲ ಬಿಚ್ಚಿ ನೋಡಿದೆ. ಕ್ಲಚ್ ಅರ್ಧಕ್ಕಿಂತ ಜಾಸ್ತಿ ಸವೆದಿತ್ತು. ಒಂದು ಎಂಜಿನ್ ಮೌಂಟ್ ರಬ್ಬರ್ ಹರಿದಿತ್ತು. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಚೂರು ಆಡುತ್ತಿತ್ತು. ಪಿನಿಯನ್ ಹಲ್ಲುಗಳು ಹೊಸದರ ಹಾಗೇ ಇದ್ದವು. ಎಂಟೂ ಸಿಲಿಂಡರ್ ಒಳಗಿನ ಒತ್ತಡ (ಕಂಪ್ರೆಷನ್) ಹಿಡಿದು ನೋಡಿದೆ, ಒಂದಕ್ಕೊಂದು 10 ಪಿಎಸ್‌ಐ ಒಳಗೇ ಇತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಹುಡುಗರು ಹೆದರುವುದು ಎಂಜಿನ್ನಿನ ಬಗ್ಗೆ. ಎಣ್ಣೆ ಬಿಸಿಯಾದ ಮೇಲೆ ಎಳೆದರೆ, ಎಂಜಿನ್ ವೇಗ ಮಿತಿ ದಾಟದಂತೆ ತಡೆಯುವ ಲಿಮಿಟರ್‌ಗೆ ಪದೇ ಪದೇ ಬಡಿಯದಿದ್ದರೆ ಅದು ತಡೆದುಕೊಳ್ಳುತ್ತದೆ.

ಬರ್ನ್‌ಔಟ್ ಬೇರೆ ಥರದ ಹಾನಿ. ಅಲ್ಲಿ ಏಟು ಕಮ್ಮಿ, ಬಿಸಿ ಜಾಸ್ತಿ. ಡ್ರ್ಯಾಗ್ ಟೈರಿಗೆ ಎರಡು ಮೂರು ಸೆಕೆಂಡ್ ತಿರುಗಿಸಿದರೆ ಸಾಕು. ಧೂಳು ಹೋಗಿ ರಬ್ಬರ್ ಬೆಚ್ಚಗಾಗುತ್ತದೆ. ಒದ್ದೆ ಜಾಗದಿಂದ ಹೊರಗೆ ಬರುವ ಮೊದಲು ಆಕ್ಸಲರೇಟರ್ ಬಿಟ್ಟರೆ ಗಾಡಿಗೆ ಗೊತ್ತೇ ಆಗುವುದಿಲ್ಲ. ಮಾಮೂಲಿ ರಸ್ತೆ ಟೈರಿಗೆ ಬರ್ನ್‌ಔಟ್‌ನಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ನಿಂತಲ್ಲೇ ಅರ್ಧ ನಿಮಿಷ ಹೊಗೆ ಎಬ್ಬಿಸುವುದಿದೆಯಲ್ಲ, ಅದರಲ್ಲಿ ಬೇಯುವುದು ಬಹಳ. ಗಾಡಿ ನಿಂತಿರುವುದರಿಂದ ರೇಡಿಯೇಟರಿಗೆ ಓಟದ ಗಾಳಿ ಸಿಗುವುದಿಲ್ಲ. ಬ್ರೇಕ್ ತುಳಿದುಕೊಂಡೇ ಚಕ್ರ ತಿರುಗಿಸಿದರೆ ಹಿಂದಿನ ಪ್ಯಾಡ್, ಡಿಸ್ಕ್ ಎರಡೂ ಸುಡುತ್ತವೆ. ಅದಕ್ಕೇ ಅಮೆರಿಕದಲ್ಲಿ 2015ರ ಮಸ್ಟ್ಯಾಂಗ್ ಜಿಟಿಗೆ ಲೈನ್ ಲಾಕ್ ಕೊಟ್ಟರು. ಅದು ಮುಂದಿನ ಬ್ರೇಕ್ ಮಾತ್ರ ಹಿಡಿಯುತ್ತದೆ, ಅದೂ 15 ಸೆಕೆಂಡ್ ಮಾತ್ರ.

ಲಿಮಿಟೆಡ್ ಸ್ಲಿಪ್ ಇಲ್ಲದ ಗಾಡಿಯಲ್ಲಿ ಒಂದೇ ಚಕ್ರ ತಿರುಗುತ್ತದೆ. ಇದರ ಬಗ್ಗೆ ನನಗೆ ನಿಜಕ್ಕೂ ಹೆದರಿಕೆ ಇದೆ. ಒಂದು ಚಕ್ರ ನಿಂತಿದ್ದರೆ ಇನ್ನೊಂದು ದುಪ್ಪಟ್ಟು ವೇಗದಲ್ಲಿ ತಿರುಗುತ್ತದೆ. ಸ್ಪೀಡೋಮೀಟರ್ 80 ತೋರಿಸಿದರೆ ಆ ಟೈರ್ 160ರಲ್ಲಿದೆ. ಡಿಫರೆನ್ಷಿಯಲ್ ಒಳಗಿನ ಸ್ಪೈಡರ್ ಅನ್ನುವ ಚಿಕ್ಕ ಗೇರ್‌ಗಳಿಗೆ ಬೇರಿಂಗ್ ಇಲ್ಲ, ಸುಮ್ನೆ ಪಿನ್ ಮೇಲೆ ತಿರುಗುತ್ತವೆ. ಹೊತ್ತು ಜಾಸ್ತಿಯಾದರೆ ಪಿನ್ನಿಗೇ ಹಿಡಿದುಕೊಳ್ಳುತ್ತವೆ. ಗಾಡಿ ಹೂತಾಗ ಚಕ್ರವನ್ನು 55 ಕಿಲೋಮೀಟರ್ ವೇಗದ ಮೇಲೆ ತಿರುಗಿಸಬೇಡಿ, ಟೈರ್ ಸಿಡಿಯಬಹುದು ಅಂತ ಫೋರ್ಡ್ ಮ್ಯಾನ್ಯುಯಲ್‌ನಲ್ಲೇ ಇದೆ. ನಮ್ಮ ತೋಟಗಳಲ್ಲಿ ಜೀಪು ಹೂತಾಗ ಚಕ್ರದ ಪಕ್ಕ ನಿಂತು ತಳ್ಳುವವರನ್ನು ಕಂಡರೆ ನಾನು ಈಗಲೂ ಕೂಗಿ ಈಚೆಗೆ ಕರೆಯುತ್ತೇನೆ.

ಊರಿಗೆ ಬಂದ ಮೇಲೆ ಒಂದು ಮಸ್ಟ್ಯಾಂಗ್ ನನ್ನ ಕೈಗೆ ಬಂತು. ಸಕಲೇಶಪುರದ ಕಡೆಯ ಒಂದು ತೋಟದ ಮನೆಯವರದು. 2016ರಲ್ಲಿ ಭಾರತಕ್ಕೆ ಬಂದ 5.0 ಲೀಟರ್ ಜಿಟಿ, ಆರು ಗೇರಿನ ಆಟೊಮ್ಯಾಟಿಕ್, 515 ನ್ಯೂಟನ್ ಮೀಟರ್. ಮನೆಯ ಹುಡುಗನಿಗೆ ಕಾಫಿ ಒಣಗಿಸುವ ಕಣದಲ್ಲಿ ಬರ್ನ್‌ಔಟ್ ಮಾಡಬೇಕು ಅಂತ ಆಸೆ. ಸಿಮೆಂಟ್ ಕಣ, ದೊಡ್ಡದು, ಯಾರೂ ಇರುವುದಿಲ್ಲ. ನಾನು ಬೇಡ ಅಂದೆ. ಕಾಫಿ ಬೀಜ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಸುಟ್ಟ ರಬ್ಬರ್ ಮೆತ್ತಿದ ಕಣದ ಮೇಲೆ ಇಡೀ ವರ್ಷದ ಬೆಳೆ ಹರಡುವುದು ಹೇಗೆ? ಅವರಪ್ಪ ಪಕ್ಕದಲ್ಲೇ ಇದ್ದರು, ಮಾತು ಅಲ್ಲಿಗೇ ನಿಂತಿತು. ಹಾಸನ ಬೈಪಾಸ್‌ನಲ್ಲಿ ಮಾಡುತ್ತೇನೆ ಅಂದ. ಅದಕ್ಕೂ ಒಪ್ಪಲಿಲ್ಲ. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. ಅದಕ್ಕಿಂತ ಹೆಚ್ಚಾಗಿ, ಆ ರಸ್ತೆಯಲ್ಲಿ ರಾತ್ರಿ ಲೈಟಿಲ್ಲದ ಟ್ರ್ಯಾಕ್ಟರ್ ಬರುತ್ತವೆ.

ಕೊನೆಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಕರೆದುಕೊಂಡು ಹೋದೆ. ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಏಟಿನ ಭಯ ಕಮ್ಮಿ, ಟಾರ್ಕ್ ಕನ್ವರ್ಟರ್ ಎಣ್ಣೆಯ ಮೂಲಕ ಮೆತ್ತಗೆ ಎಳೆಯುತ್ತದೆ. ಆದರೆ ಬ್ರೇಕ್, ಆಕ್ಸಲರೇಟರ್ ಎರಡನ್ನೂ ತುಳಿದು ಹಿಡಿದರೆ ಎಂಜಿನ್ನಿನ ಶಕ್ತಿಯೆಲ್ಲ ಆ ಎಣ್ಣೆಯನ್ನು ಕಾಯಿಸುತ್ತದೆ. 120 ಡಿಗ್ರಿ ದಾಟಿದರೆ ಎಣ್ಣೆಯ ಆಯಸ್ಸು ಬೇಗ ಕರಗುತ್ತದೆ. ಗಾಡಿಯ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್ ಹಾಕಿ ಅವನ ಕಣ್ಣ ಮುಂದೆಯೇ ಅಂಕಿ ಏರುವುದನ್ನು ತೋರಿಸಿದೆ. ಎರಡು ಸೆಕೆಂಡಿಗಿಂತ ಹಿಡಿಯಬೇಡ, ಒಂದು ಲಾಂಚ್ ಆದ ಮೇಲೆ ಐದು ನಿಮಿಷ ಮೆಲ್ಲಗೆ ಓಡಿಸು ಅಂದೆ. ಮೂರನೇ ಸಲಕ್ಕೆ ನಾನು ಹೇಳುವ ಮೊದಲೇ ಅವನು ಪರದೆ ನೋಡುತ್ತಿದ್ದ.

ಆ ದಿನ ಒಟ್ಟು ಒಂಬತ್ತು ಲಾಂಚ್ ಮಾಡಿದ. ಎರಡರಲ್ಲಿ ಹಿಂಭಾಗ ಕುಣಿಯಲು ಶುರುವಾಯಿತು, ಎರಡು ಸಲವೂ ಕೂಡಲೇ ಕಾಲು ತೆಗೆದ. ಹಾಸನಕ್ಕೆ ಬಂದ ಮೇಲೆ ಡಿಫರೆನ್ಷಿಯಲ್ ಎಣ್ಣೆಯನ್ನು ಪಂಪಿನಿಂದ ಎಳೆದು ಬಿಳಿ ತಟ್ಟೆಗೆ ಸುರಿದೆ. ಆಯಸ್ಕಾಂತ ಆಡಿಸಿದೆ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಮಾತ್ರ ಅಂಟಿತು. ಬೆರಳಲ್ಲಿ ಉಜ್ಜಿ ನೋಡಿದೆ, ಒಂದು ಚೂರೂ ತಾಗಲಿಲ್ಲ. ಹುಡುಗನ ಕೈಗೂ ಕೊಟ್ಟೆ. ಅವನು ಉಜ್ಜಿ ನೋಡಿ, ಕೈ ಒರೆಸಿಕೊಂಡು, ಹೊಸ ಎಣ್ಣೆಯ ಡಬ್ಬಿ ತೆರೆದ.