ಫುಟ್‌ಬಾಲ್ ತರಬೇತಿ ಬಳಗವನ್ನು ನಾನು ಅಳೆದ ಬಗೆ

ತಂಡ ಗೆದ್ದರೆ ಆಟಗಾರರು ಚೆನ್ನಾಗಿ ಆಡಿದರು, ಸೋತರೆ ಕೋಚ್ ಸರಿಯಿಲ್ಲ. ಕಾಸರಗೋಡಿನಲ್ಲಿ ಫುಟ್‌ಬಾಲ್ ನೋಡುತ್ತ ಬೆಳೆದವರಿಗೆ ಈ ತೀರ್ಪು ಬಾಯಿಪಾಠ. ಅದಕ್ಕೆ ಕಾರಣವೂ ಇದೆ. ನಮ್ಮ ಕಡೆ ಆಟವೆಂದರೆ ಮೊದಲು ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಮಂದಿಯ ಫುಟ್‌ಬಾಲ್. ಮಳೆಗಾಲ ಕಳೆದ ಮೇಲೆ ತಾತ್ಕಾಲಿಕ ಗ್ಯಾಲರಿ ಕಟ್ಟಿ, ಫ್ಲಡ್‌ಲೈಟ್ ಹಾಕಿ ನಡೆಸುವ ಟೂರ್ನಿಗಳಲ್ಲಿ ಮ್ಯಾನೇಜರ್ ಒಳ್ಳೆಯ ಆಟಗಾರರನ್ನು ಕರೆತಂದರೆ ಅರ್ಧ ಗೆದ್ದಂತೆ. ವಾರವಿಡೀ ಒಟ್ಟಿಗೆ ಅಭ್ಯಾಸ ಮಾಡಿಸುವ ಬಳಗವೇ ಅಲ್ಲಿ ಇರುವುದಿಲ್ಲ. ಹನ್ನೊಂದು ಮಂದಿಯ ವೃತ್ತಿಪರ ಆಟಕ್ಕೆ ಬಂದರೆ ಮುಖ್ಯ ಕೋಚ್, ಸಹಾಯಕ ಕೋಚ್, ಗೋಲ್‌ಕೀಪಿಂಗ್ ಕೋಚ್, ಫಿಟ್‌ನೆಸ್ ಕೋಚ್, ವಿಡಿಯೊ ವಿಶ್ಲೇಷಕ, ಫಿಸಿಯೊ, ವೈದ್ಯ ಎಂದು ದೊಡ್ಡ ಪಟ್ಟಿಯೇ ಇರುತ್ತದೆ. ಆದರೂ ಸೋತ ದಿನ ಎಲ್ಲರ ಬೆರಳೂ ಒಬ್ಬನತ್ತಲೇ ತಿರುಗುತ್ತದೆ.

ನಾನು ಕುಂಬಳೆಯವನು. ಊರಿನ ಕ್ಲಬ್ಬಿಗೆ ಆಡಿ, ಮಕ್ಕಳಿಗೆ ಕಲಿಸಲೆಂದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಡಿ ದರ್ಜೆಯ ಕೋಚಿಂಗ್ ಲೈಸೆನ್ಸ್ ಪಡೆದು, ಆಮೇಲೆ ಪಂದ್ಯಗಳ ವಿಡಿಯೊ ವಿಶ್ಲೇಷಣೆಯನ್ನೇ ಕಸುಬು ಮಾಡಿಕೊಂಡೆ. ದಕ್ಷಿಣದ ಒಂದು ವೃತ್ತಿಪರ ಕ್ಲಬ್ಬಿನ ಆಡಳಿತದವರು ತಮ್ಮ ತರಬೇತಿ ಬಳಗದ ಬಲಾಬಲವನ್ನು ಹೊರಗಿನವರೊಬ್ಬರು ನೋಡಿ ವರದಿ ಕೊಡಬೇಕೆಂದು ಕೇಳಿದಾಗ ಒಪ್ಪಿಕೊಂಡೆ. ಋತುವಿನ ನಡುವೆ ತಂಡ ಸಾಲಾಗಿ ಸೋತಿತ್ತು. ಮುಖ್ಯ ಕೋಚ್‌ನನ್ನು ಬದಲಿಸುವ ಮಾತು ಆಗಲೇ ಶುರುವಾಗಿತ್ತು. ವರದಿಯಲ್ಲಿ ಏನು ಬರಬೇಕೆಂದು ಕೆಲವರು ಮೊದಲೇ ನಿರ್ಧರಿಸಿದ್ದರು ಎಂಬುದು ಮೊದಲ ಫೋನ್ ಕರೆಯಲ್ಲೇ ಗೊತ್ತಾಯಿತು. ಹಾಗಾಗಿ ತರಬೇತಿ ಮೈದಾನಕ್ಕೆ ಮುಕ್ತ ಪ್ರವೇಶ ಬೇಕು, ಬಳಗದ ಪ್ರತಿಯೊಬ್ಬರ ಜತೆ ಪ್ರತ್ಯೇಕವಾಗಿ ಮಾತಾಡಲು ಅವಕಾಶ ಬೇಕು, ಬರೆದದ್ದನ್ನು ಅವರಿಗೂ ತೋರಿಸುತ್ತೇನೆ ಎಂಬ ಷರತ್ತು ಹಾಕಿಯೇ ಕೆಲಸಕ್ಕೆ ಇಳಿದೆ.

ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಆರಂಭಿಸಿದೆ. ಸೋಲು ಗೆಲುವಿಗೆ ಬೆಲೆ ಇಲ್ಲವೆಂದಲ್ಲ. ಫುಟ್‌ಬಾಲ್‌ನಲ್ಲಿ ಗೋಲುಗಳು ತೀರಾ ಕಡಿಮೆ, ಹಾಗಾಗಿ ಕೆಲವು ವಾರಗಳ ಫಲಿತಾಂಶದಲ್ಲಿ ಅದೃಷ್ಟದ ಪಾಲು ಹೆಚ್ಚು. ಅದನ್ನು ಸೋಸಲು ಈಗ ಎಲ್ಲರೂ ಬಳಸುವುದು ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲು. ಪ್ರತಿ ಹೊಡೆತವೂ ಗೋಲಾಗುವ ಸಾಧ್ಯತೆಯನ್ನು ಸೊನ್ನೆಯಿಂದ ಒಂದರ ನಡುವಿನ ಅಂಕಿಯಲ್ಲಿ ಹೇಳುವ ಲೆಕ್ಕ ಅದು. ಪೆನಾಲ್ಟಿಗೆ 0.75ರಿಂದ 0.8ರವರೆಗೆ ಸಿಗುತ್ತದೆ, ಮೂವತ್ತು ಗಜದಿಂದ ಹೊಡೆದರೆ ತೀರಾ ಸ್ವಲ್ಪ. 2014-15ರ ಜರ್ಮನಿಯ ಕ್ಲಬ್ ಬೊರುಸ್ಸಿಯಾ ಡಾರ್ಟ್ಮಂಡ್ ಇದಕ್ಕೆ ಒಳ್ಳೆಯ ಉದಾಹರಣೆ. ಯುರ್ಗನ್ ಕ್ಲಾಪ್ ಅವರ ತಂಡ ಋತುವಿನ ಮಧ್ಯದ ಬಿಡುವಿನ ಹೊತ್ತಿಗೆ 17ನೇ ಸ್ಥಾನದಲ್ಲಿತ್ತು, ಆದರೆ ಅವಕಾಶ ಸೃಷ್ಟಿಸುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. ಕೊನೆಗೆ ಏಳನೇ ಸ್ಥಾನಕ್ಕೆ ಏರಿತು. ಲಿವರ್‌ಪೂಲ್‌ನ ಸಂಶೋಧನಾ ವಿಭಾಗ ಆ ಋತುವನ್ನು ಬಿಡಿಸಿ ನೋಡಿ, ಅದು ಕೋಚ್‌ನ ಸೋಲಲ್ಲ ಎಂದು ಕಂಡುಕೊಂಡಿತ್ತು. 2015ರ ಅಕ್ಟೋಬರ್‌ನಲ್ಲಿ ಕ್ಲಾಪ್ ಲಿವರ್‌ಪೂಲ್‌ಗೆ ಬಂದರು.

ನಾನು ನೋಡಿದ ಕ್ಲಬ್ಬಿನಲ್ಲೂ ಸೃಷ್ಟಿಸಿದ ಅವಕಾಶಗಳ ಲೆಕ್ಕ ಸುಮಾರಾಗಿ ಚೆನ್ನಾಗಿಯೇ ಇತ್ತು. ಬಿಟ್ಟುಕೊಟ್ಟ ಅವಕಾಶಗಳು ಮಾತ್ರ ಎರಡೇ ಬಗೆಯವು: ರಕ್ಷಣಾ ಸಾಲಿನ ಬೆನ್ನ ಹಿಂದೆ ಬೀಳುವ ಉದ್ದನೆಯ ಚೆಂಡು ಮತ್ತು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಎದುರಾಳಿ ಹೊಡೆಯುವ ಕಿಕ್. ಇದು ಕಂಡ ಮೇಲೆ ಏನನ್ನು ಹುಡುಕಬೇಕೆಂಬುದು ಸ್ಪಷ್ಟವಾಯಿತು.

ಆಟಗಾರರನ್ನು ಆರಿಸಿದವರು ಯಾರು, ಸಂಬಳಕ್ಕೆ ಎಷ್ಟು ಹಣವಿತ್ತು ಎಂಬುದನ್ನೂ ವಿಚಾರಿಸಿದೆ. ಸಂಬಳದ ಮೊತ್ತದಲ್ಲಿ ಕೆಳಗಿರುವ ತಂಡ ಅಂಕಪಟ್ಟಿಯ ನಡುವೆ ನಿಂತಿದ್ದರೆ ಬಳಗ ಏನೋ ಸರಿಯಾದುದನ್ನು ಮಾಡುತ್ತಿದೆ ಎಂದರ್ಥ.

ಈ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಒಂದು ಸರಳ ಪ್ರಶ್ನೆ. ಬಳಗದ ಪ್ರತಿಯೊಬ್ಬರನ್ನೂ ಒಂಟಿಯಾಗಿ ಕೂರಿಸಿ, ಅದೇ ಮಾತುಗಳಲ್ಲಿ ಕೇಳಿದೆ: "ಚೆಂಡು ಕಳೆದುಕೊಂಡ ಕೂಡಲೇ ನಿಮ್ಮ ತಂಡ ಏನು ಮಾಡಬೇಕು?" ಮುಖ್ಯ ಕೋಚ್ ಬೋರ್ಡಿನ ಮೇಲೆ ಬರೆದು ತೋರಿಸಿದರು: ಹತ್ತಿರದ ಮೂವರು ಮುಗಿಬೀಳಬೇಕು, ಹಿಂದಿನ ನಾಲ್ವರು ಮೈದಾನದ ನಡುವಿನ ಅರ್ಧ ಗೆರೆಯತ್ತ ಏರಬೇಕು. ಸಹಾಯಕರೂ ಅದನ್ನೇ ಹೇಳಿದರು. ಫಿಟ್‌ನೆಸ್ ಕೋಚ್, "ಮೊದಲ ಒಂದು ಗಂಟೆ ಹಾಗೆ ಮಾಡಬಹುದು, ಆಮೇಲೆ ಕಾಲು ಬರುವುದಿಲ್ಲ, ನಾನು ಹೇಳಿದ್ದೇನೆ" ಎಂದರು. ಗೋಲ್‌ಕೀಪಿಂಗ್ ಕೋಚ್ ಸ್ವಲ್ಪ ಯೋಚಿಸಿ, "ಹಿಂದೆ ಸರಿದು ಗೋಲಿನ ಮುಂದೆ ಸೇರಿಕೊಳ್ಳಬೇಕು" ಎಂದರು.

ಆ ಉತ್ತರವನ್ನು ಕೇಳಿದ ರಾತ್ರಿಯೇ ವಿಡಿಯೊಗಳನ್ನು ಮತ್ತೆ ತೆರೆದೆ, ಈ ಸಲ ಗೋಲ್‌ಕೀಪರ್‌ನನ್ನು ಮಾತ್ರ ನೋಡುತ್ತ. ಟಿವಿ ಪ್ರಸಾರದಲ್ಲಿ ಕೀಪರ್ ಹೆಚ್ಚಾಗಿ ಚೌಕಟ್ಟಿನ ಹೊರಗಿರುತ್ತಾನೆ, ಗ್ಯಾಲರಿಯ ಮೇಲಿನಿಂದ ಇಡೀ ಮೈದಾನ ಕಾಣುವಂತೆ ತೆಗೆದ ಚಿತ್ರಣ ಬೇಕು. ಕ್ಲಬ್ಬಿನಲ್ಲಿ ಅದು ಇತ್ತು. ರಕ್ಷಣಾ ಸಾಲು ಅರ್ಧ ಗೆರೆಯ ಬಳಿ ನಿಂತಿದ್ದಾಗ ಕೀಪರ್ ಗೋಲಿನ ಮುಂದಿನ ಚಿಕ್ಕ ಪೆಟ್ಟಿಗೆಯಂಥ ಗುರುತಿನ ಅಂಚು ಬಿಟ್ಟು ಕದಲುತ್ತಿರಲಿಲ್ಲ. ನಡುವೆ ಮೂವತ್ತೈದು ನಲವತ್ತು ಗಜದಷ್ಟು ಬಯಲು. ಎದುರಾಳಿಗಳು ಚೆಂಡನ್ನು ಅಲ್ಲಿಗೇ ಎತ್ತಿ ಹಾಕುತ್ತಿದ್ದರು. ಕೀಪರ್ ಹೆದರುಪುಕ್ಕಲ, ಡಿಫೆಂಡರ್‌ಗಳು ನಿಧಾನ ಎಂದು ಊರೆಲ್ಲ ಮಾತಾಡಿಕೊಂಡಿತ್ತು. ಇಬ್ಬರೂ ತಮಗೆ ಹೇಳಿಕೊಟ್ಟದ್ದನ್ನೇ ಮಾಡುತ್ತಿದ್ದರು. ಹೇಳಿಕೊಟ್ಟವರಿಬ್ಬರ ನಡುವೆ ಮಾತುಕತೆ ಇರಲಿಲ್ಲ, ಅಷ್ಟೇ.

ತರಬೇತಿ ಮೈದಾನದಲ್ಲಿ ಅದು ಕಣ್ಣಿಗೆ ರಾಚುವಂತಿತ್ತು. ಕೀಪರ್‌ಗಳು ಬೆಳಗ್ಗೆ ಬಂದು ಒಂದು ಮೂಲೆಯಲ್ಲಿ ತಮ್ಮ ಕೋಚ್ ಜತೆ ಹಾರುವುದು, ಹಿಡಿಯುವುದು, ಏಳುವುದು ಎಲ್ಲವನ್ನೂ ಬೆವರಿಳಿಯುವಂತೆ ಮಾಡುತ್ತಿದ್ದರು. ಆ ಕೋಚ್ ಶ್ರದ್ಧೆಯ ಮನುಷ್ಯ, ಹೊಡೆತ ತಡೆಯುವುದನ್ನು ಕಲಿಸುವುದರಲ್ಲಿ ಅವರಂಥವರು ಸಿಗುವುದು ಕಷ್ಟ. ಆದರೆ ತಂಡ ಮೇಲೇರಿ ಆಡುವ ಅಭ್ಯಾಸ ನಡೆಯುವಾಗ ಗೋಲಿನಲ್ಲಿ ಬಹುಪಾಲು ಮೂರನೇ ಕೀಪರ್ ಇರುತ್ತಿದ್ದ, ಮೊದಲನೆಯವನು ಆ ಹೊತ್ತಿಗೆ ದಣಿದು ಐಸ್ ಇಟ್ಟುಕೊಂಡು ಕೂತಿರುತ್ತಿದ್ದ. ತರಬೇತಿ ಬಳಗದ ದೌರ್ಬಲ್ಯ ಒಬ್ಬೊಬ್ಬರಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಇಬ್ಬರ ನಡುವಿನ ಜಾಗದಲ್ಲಿ ಇರುತ್ತದೆ ಎಂಬ ನನ್ನ ನಂಬಿಕೆ ಗಟ್ಟಿಯಾದದ್ದು ಅಲ್ಲಿ.

ಹಳೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಕೋಚ್ ಬ್ರಯಾನ್ ಕ್ಲಫ್ ತಮ್ಮ ಸಹಾಯಕ ಪೀಟರ್ ಟೇಲರ್ ಜತೆಗಿದ್ದಾಗ ಡರ್ಬಿ ಕೌಂಟಿಗೂ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೂ ಇಂಗ್ಲಿಷ್ ಲೀಗ್ ಗೆದ್ದುಕೊಟ್ಟರು, ಫಾರೆಸ್ಟ್ 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ಪನ್ನೂ ಎತ್ತಿತು. ಟೇಲರ್ ಇಲ್ಲದೆ 1974ರಲ್ಲಿ ಲೀಡ್ಸ್ ಕ್ಲಬ್ಬಿಗೆ ಹೋದ ಅದೇ ಕ್ಲಫ್ ಅಲ್ಲಿ ಉಳಿದದ್ದು 44 ದಿನ. ನಮ್ಮ ಹತ್ತಿರದ ಉದಾಹರಣೆ ಬೇಕೆಂದರೆ ಬೆಂಗಳೂರು ಎಫ್‌ಸಿ ಇದೆ. ಆಲ್ಬರ್ಟ್ ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ಕೋಚ್ ಆದ ಮೊದಲ ಋತುವಿನಲ್ಲೇ, 2018-19ರಲ್ಲಿ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿ ಬಂತು. ಹೊಸಬರೊಬ್ಬರು ಬಂದು ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಗಿರಲಿಲ್ಲ.

ಮುಖ್ಯ ಕೋಚ್ ಬೆಂಚಿನಲ್ಲಿ ಇಲ್ಲದ ಪಂದ್ಯಗಳನ್ನು ನಾನು ಹುಡುಕಿ ನೋಡುತ್ತೇನೆ. ಇಡೀ ಬಳಗದ ಕಸುವು ಆಗ ಗೊತ್ತಾಗುತ್ತದೆ. 2023ರ ಮಾರ್ಚ್‌ನಲ್ಲಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೇಟ್ರಿ ಅವರ ಫ್ರೀ ಕಿಕ್ ಗೋಲಿನ ವಿವಾದದಿಂದ ಕೇರಳ ಬ್ಲಾಸ್ಟರ್ಸ್ ಆಟ ಬಿಟ್ಟು ಹೊರನಡೆದದ್ದು ಯಾರಿಗೆ ನೆನಪಿಲ್ಲ? ಬ್ಲಾಸ್ಟರ್ಸ್ ಅಭಿಮಾನಿಗಳೂ ಬೆಂಗಳೂರಿನ ಅಭಿಮಾನಿಗಳೂ ಒಂದೇ ಮನೆಯಲ್ಲಿರುವ ಗಡಿನಾಡಿನಲ್ಲಿ ಆ ರಾತ್ರಿಯ ವಾದ ವಾರಗಟ್ಟಲೆ ನಡೆಯಿತು. ಬ್ಲಾಸ್ಟರ್ಸ್‌ನ ಮುಖ್ಯ ಕೋಚ್ ಇವಾನ್ ವುಕೊಮನೊವಿಚ್ ಅವರಿಗೆ ಹತ್ತು ಪಂದ್ಯಗಳ ನಿಷೇಧ ಬಿತ್ತು. ಹಾಗಾಗಿ ಮುಂದಿನ ಐಎಸ್‌ಎಲ್ ಋತುವಿನ ಆರಂಭದಲ್ಲಿ ಬೆಂಚಿನಲ್ಲಿ ನಿಂತವರು ಸಹಾಯಕ ಫ್ರಾಂಕ್ ಡೌವೆನ್. ಕೊಚ್ಚಿಯ ಉದ್ಘಾಟನಾ ಪಂದ್ಯದಲ್ಲಿ ಅದೇ ಬೆಂಗಳೂರನ್ನು ಬ್ಲಾಸ್ಟರ್ಸ್ 2-1ರಿಂದ ಸೋಲಿಸಿತು. ವುಕೊಮನೊವಿಚ್ ಅವರ ಕಾಲದಲ್ಲಿ ಟ್ರೋಫಿ ಬರಲಿಲ್ಲ ಎನ್ನುವವರಿದ್ದಾರೆ, ಅದು ನಿಜ. ಸತತ ಮೂರು ಋತು ತಂಡ ಪ್ಲೇಆಫ್‌ಗೆ ಹೋದದ್ದೂ, ಅವರಿಲ್ಲದಾಗಲೂ ಆಟದ ರೀತಿ ಕೆಡದೆ ಉಳಿದದ್ದೂ ಅಷ್ಟೇ ನಿಜ. ನನ್ನ ಮಟ್ಟಿಗೆ ಇದು ದೊಡ್ಡ ಅಂಕ.

ಕಾರ್ನರ್ ವಿಷಯಕ್ಕೆ ಬರುತ್ತೇನೆ. ಕಾಲುಭಾಗಕ್ಕೂ ಹೆಚ್ಚು ಗೋಲುಗಳು ಸೆಟ್ ಪೀಸ್‌ನಿಂದ, ಅಂದರೆ ಕಾರ್ನರ್, ಫ್ರೀ ಕಿಕ್‌ನಂತೆ ಚೆಂಡನ್ನು ನಿಲ್ಲಿಸಿ ಹೊಡೆಯುವ ಸಂದರ್ಭಗಳಿಂದ, ಬರುವ ಆಟದಲ್ಲಿ ಅದನ್ನು ಕೊನೆಯ ಹತ್ತು ನಿಮಿಷಕ್ಕೆ ತಳ್ಳುವ ಬಳಗವನ್ನು ನಾನು ಒಪ್ಪುವುದಿಲ್ಲ. 2016ರ ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮ ತ್ರಿಕರಿಪುರದ ಮೊಹಮ್ಮದ್ ರಾಫಿ ಕಾರ್ನರ್‌ಗೆ ತಲೆಕೊಟ್ಟು ಬ್ಲಾಸ್ಟರ್ಸ್‌ಗೆ ಮುನ್ನಡೆ ತಂದರು. ಕೆಲವೇ ನಿಮಿಷಗಳಲ್ಲಿ ಎದುರಾಳಿ ಕೋಲ್ಕತ್ತದ ಎಟಿಕೆಯ ಸೆರೆನೊ ಇನ್ನೊಂದು ಕಾರ್ನರ್‌ಗೆ ತಲೆಕೊಟ್ಟು ಸಮ ಮಾಡಿದರು. ಆ ಪಂದ್ಯದ ಎರಡೇ ಗೋಲುಗಳೂ ಕಾರ್ನರ್‌ನವು, ಉಳಿದದ್ದನ್ನು ಪೆನಾಲ್ಟಿ ಶೂಟೌಟ್ ತೀರ್ಮಾನಿಸಿತು. ಆರ್ಸೆನಲ್‌ನಂಥ ಕ್ಲಬ್ 2021ರಲ್ಲಿ ನಿಕೊಲಾ ಜೊವೆ ಅವರನ್ನು ಸೆಟ್ ಪೀಸ್‌ಗಾಗಿಯೇ ನೇಮಿಸಿಕೊಂಡದ್ದು ಸುಮ್ಮನೆ ಅಲ್ಲ.

ನಾನು ನೋಡಿದ ಬಳಗದಲ್ಲಿ ಕಾರ್ನರ್ ಹೊಡೆಯುವುದು ಸಹಾಯಕ ಕೋಚ್‌ನ ಹೊಣೆ. ಕಾರ್ನರ್ ತಡೆಯುವುದು ಯಾರ ಹೊಣೆ ಎಂದು ಕೇಳಿದರೆ ಮೂವರು ಮೂರು ಹೆಸರು ಹೇಳಿದರು. ಬಿಟ್ಟುಕೊಟ್ಟ ಗೋಲುಗಳನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ ನೋಡಿದೆ. ಹತ್ತಿರದ ಕಂಬದ ಮುಂದಿನ ಜಾಗವನ್ನು ಕಾಯುವವನು ಒಬ್ಬ ವಿಂಗರ್, ಅಂದರೆ ಅಂಚಿನಲ್ಲಿ ಆಡುವ ದಾಳಿಗಾರ. ಅವನು ಬದಲಿಯಾಗಿ ಹೊರಬಂದ ಮೇಲೆ ಆ ಜಾಗಕ್ಕೆ ಯಾರು ಎಂಬುದನ್ನು ಒಳಹೋಗುವವನಿಗೆ ಹೇಳುತ್ತಿರಲಿಲ್ಲ. ಐದು ಬದಲಾವಣೆಗೆ ಅವಕಾಶವಿರುವ ಈಗಿನ ಆಟದಲ್ಲಿ ಎಪ್ಪತ್ತನೇ ನಿಮಿಷದ ನಂತರ ಅರ್ಧ ತಂಡವೇ ಹೊಸದಾಗಿರುತ್ತದೆ. ಮೈದಾನದ ಗೆರೆಯ ಬಳಿ ನಿಂತು ನೋಡಿದಾಗ, ಒಳಹೋಗುವ ಹುಡುಗನ ಹೆಗಲ ಮೇಲೆ ಕೈಯಿಟ್ಟು ಮುಖ್ಯ ಕೋಚ್ ದಾಳಿಯ ಬಗ್ಗೆ ಮಾತಾಡುತ್ತಿದ್ದರು. ಸಹಾಯಕರ ಕೈಯಲ್ಲಿದ್ದ ಕಾರ್ನರ್ ಚಿತ್ರದ ಹಾಳೆ ಮಡಚಿಯೇ ಇತ್ತು.

ಬದಲಾವಣೆಗಳನ್ನು ಅಳೆಯುವುದು ಸುಲಭವಲ್ಲ. ಬದಲಿ ಆಟಗಾರ ಗೋಲು ಹೊಡೆದರೆ ಕೋಚ್ ಜಾಣ ಎನ್ನುವುದು ಅವಸರದ ಮಾತು. ಬದಲಾವಣೆಗೆ ಮುಂಚಿನ ಹತ್ತು ನಿಮಿಷದಲ್ಲಿ ಏನು ತೊಂದರೆಯಿತ್ತು, ಬದಲಾವಣೆ ಅದಕ್ಕೆ ಉತ್ತರವಾಗಿತ್ತೇ ಎಂದಷ್ಟೇ ನಾನು ನೋಡುತ್ತೇನೆ. ಈ ಮುಖ್ಯ ಕೋಚ್ ಅದರಲ್ಲಿ ಗಟ್ಟಿಗರು. ತೊಂದರೆಯನ್ನು ಬೇಗ ಗುರುತಿಸುತ್ತಿದ್ದರು, ಹಟ ಹಿಡಿಯುತ್ತಿರಲಿಲ್ಲ.

ಇನ್ನೊಂದು ಬಲ ನನಗೆ ಸಿಕ್ಕಿದ್ದು ಪಂದ್ಯದ ಮರುದಿನದ ಅಭ್ಯಾಸದಲ್ಲಿ. ಆಡಿದವರು ಸೈಕಲ್ ತುಳಿದು, ಮಾಲಿಶ್ ಮಾಡಿಸಿಕೊಂಡು ಹೋಗುತ್ತಾರೆ. ಆಡದವರನ್ನು ಬಳಗ ಹೇಗೆ ನೋಡಿಕೊಳ್ಳುತ್ತದೆ ಎಂಬುದು ಹೊರಗಿನವರಿಗೆ ಕಾಣಿಸುವುದಿಲ್ಲ. ಉತ್ಸಾಹವಿಲ್ಲದ ಬಳಗ ಅವರನ್ನು ಎರಡು ಸುತ್ತು ಓಡಿಸಿ ಕಳುಹಿಸುತ್ತದೆ. ಇಲ್ಲಿ ಸಹಾಯಕ ಕೋಚ್ ಪೂರ್ಣ ವೇಗದ ಚಿಕ್ಕ ಪಂದ್ಯ ಆಡಿಸಿ, ಕೊನೆಗೆ ಒಬ್ಬೊಬ್ಬರನ್ನೂ ಕರೆದು ಮಾತಾಡುತ್ತಿದ್ದರು. ಉಪ್ಪಳದ ಕಡೆಯ ಹುಡುಗನೊಬ್ಬ ಆ ತಂಡದಲ್ಲಿದ್ದ. "ಅಣ್ಣ, ನನಗೆ ಆಡಲು ಯಾಕೆ ಸಿಗಲಿಲ್ಲ ಎಂದು ಪ್ರತಿ ವಾರ ಕಾರಣ ಹೇಳುತ್ತಾರೆ. ಬೇಜಾರಾಗುತ್ತದೆ, ಆದರೆ ಏನು ಮಾಡಬೇಕೆಂದು ಗೊತ್ತಿರುತ್ತದೆ" ಎಂದ. ಮಲಯಾಳ, ಇಂಗ್ಲಿಷ್, ಹಿಂದಿ ಮೂರರಲ್ಲೂ ಸಲೀಸಾಗಿ ಮಾತಾಡುತ್ತಿದ್ದ ಆ ಸಹಾಯಕರೇ ಇಡೀ ಬಳಗದ ಆಧಾರಸ್ತಂಭ ಎಂದು ಬರೆದೆ. ವಿದೇಶಿ ಕೋಚ್ ಹೇಳಿದ್ದು ಮಿಜೋರಂನ ಹುಡುಗನಿಗೂ ಮಲಪ್ಪುರಂನ ಹುಡುಗನಿಗೂ ಒಂದೇ ರೀತಿ ತಲುಪುತ್ತಿದ್ದುದು ಅವರಿಂದ. ಅವರ ಸಂಬಳ ಬಳಗದಲ್ಲಿ ಅತಿ ಕಡಿಮೆಯವುಗಳಲ್ಲಿ ಒಂದಾಗಿತ್ತು ಎಂಬುದನ್ನೂ ವರದಿಯಲ್ಲಿ ಸೇರಿಸಿದೆ.

ವರದಿಯನ್ನು ಬರೆಯುವಾಗ ವಿಶೇಷಣಗಳನ್ನು ಬಿಟ್ಟೆ. ಪ್ರತಿ ಮಾತಿಗೂ ಒಂದು ಕ್ಲಿಪ್ ಅಥವಾ ತರಬೇತಿ ಯೋಜನೆಯ ಒಂದು ಪುಟ. ಮುಖ್ಯ ಕೋಚ್‌ನನ್ನು ತೆಗೆಯಬೇಡಿ, ಕೀಪರ್‌ಗಳ ಅಭ್ಯಾಸದ ಕೊನೆಯ ಭಾಗವನ್ನು ತಂಡದ ಅಭ್ಯಾಸಕ್ಕೆ ಜೋಡಿಸಿ, ಕಾರ್ನರ್ ತಡೆಯುವ ಹೊಣೆಯನ್ನು ಹೆಸರು ಹಾಕಿ ಒಬ್ಬರಿಗೆ ಕೊಡಿ ಎಂದು ಸಲಹೆ ಕೊಟ್ಟೆ. ಆಡಳಿತದ ಸಭೆಯಲ್ಲಿ ಒಬ್ಬರು, "ಹಾಗಾದರೆ ತಪ್ಪು ಯಾರದ್ದು?" ಎಂದು ಮತ್ತೆ ಮತ್ತೆ ಕೇಳಿದರು. ಗೋಲ್‌ಕೀಪಿಂಗ್ ಕೋಚ್‌ಗೆ ವರದಿ ತೋರಿಸುವಾಗ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಕ್ಲಿಪ್‌ಗಳನ್ನು ಎರಡು ಸಲ ನೋಡಿ, ಎಲ್ಲವನ್ನೂ ಪೆನ್ ಡ್ರೈವ್‌ಗೆ ಹಾಕಿಕೊಡಲು ಕೇಳಿದರು. ಕೀಪರ್‌ಗಳ ಅಭ್ಯಾಸದ ಸಮಯ ಮುಂದಿನ ವಾರವೇ ಬದಲಾಯಿತು.

ಫಿಟ್‌ನೆಸ್ ಕೋಚ್ ಬಗ್ಗೆ ಮಾತ್ರ ತೀರ್ಪು ಕೊಡಲಿಲ್ಲ. ತೊಡೆಯ ಹಿಂಭಾಗದ ಸ್ನಾಯು ಸೆಳೆತ, ಅಂದರೆ ಹ್ಯಾಮ್‌ಸ್ಟ್ರಿಂಗ್ ಗಾಯ, ಆ ತಂಡದಲ್ಲಿ ಹೆಚ್ಚಾಗಿ ಕಂಡಿತು. ಆದರೆ ಅದು ಎಲ್ಲೆಡೆಯ ಕಥೆ. ಯುರೋಪಿನ ದೊಡ್ಡ ಕ್ಲಬ್‌ಗಳ ಮೇಲೆ ಅಲ್ಲಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ನಡೆಸಿಕೊಂಡು ಬಂದ ಅಧ್ಯಯನದಲ್ಲಿ 2001-02ರಲ್ಲಿ ಒಟ್ಟು ಗಾಯಗಳ ಶೇ 12ರಷ್ಟಿದ್ದ ಹ್ಯಾಮ್‌ಸ್ಟ್ರಿಂಗ್ ಗಾಯ 2021-22ರ ಹೊತ್ತಿಗೆ ಶೇ 24ಕ್ಕೆ ಏರಿತ್ತು. ಇಬ್ಬರು ಡಿಕ್ಕಿ ಹೊಡೆದು ಆದ ಗಾಯವನ್ನು ಫಿಟ್‌ನೆಸ್ ಕೋಚ್‌ನ ಖಾತೆಗೆ ಹಾಕಬಾರದು, ಸ್ನಾಯುವಿನ ಗಾಯವನ್ನು ಹಾಕಬಹುದು, ಅದೂ ಆಟಗಾರ ಎಷ್ಟು ನಿಮಿಷ ಆಡಿದ್ದ, ಹಿಂದಿನ ಗಾಯದಿಂದ ಯಾವಾಗ ಮರಳಿದ್ದ ಎಂಬುದು ಗೊತ್ತಿದ್ದರೆ. ಕ್ಲಬ್ಬಿನಲ್ಲಿ ಹಿಂದಿನ ಋತುಗಳ ದಾಖಲೆ ಇರಲಿಲ್ಲ. ಪ್ರತಿ ಆಟಗಾರನ ಹೆಸರಿನಲ್ಲಿ ಗಾಯದ ದಿನ, ಬಗೆ, ಅಭ್ಯಾಸಕ್ಕೆ ಮರಳಿದ ದಿನ, ಪಂದ್ಯಕ್ಕೆ ಮರಳಿದ ದಿನ ಬರೆಯುವ ಒಂದು ನಮೂನೆ ಮಾಡಿ ಫಿಸಿಯೊ ಕೈಗೆ ಕೊಟ್ಟು ಬಂದೆ. ಅದು ಒಂದು ಋತು ತುಂಬಿದ ಮೇಲೆ ಆ ಭಾಗವನ್ನು ಬರೆದುಕೊಡುತ್ತೇನೆ ಎಂದಿದ್ದೇನೆ.