ಬಾವಿಕಟ್ಟೆಯಿಂದ ಬಂದ ಪ್ರಶ್ನೆ

2023ರ ವಿಧಾನಸಭೆ ಚುನಾವಣೆ ಹೊತ್ತಿಗೆ ಉಡುಪಿಯಲ್ಲಿ ನಾವು ನಾಲ್ಕು ಜನ ಗೆಳೆಯರು ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿದೆವು. ಜನ ಮೊಬೈಲಿನಲ್ಲಿ ಪ್ರಶ್ನೆ ಕೇಳಿ ವಿಡಿಯೋ ಕಳಿಸುವುದು, ಅಭ್ಯರ್ಥಿಗಳು ವಿಡಿಯೋದಲ್ಲೇ ಉತ್ತರ ಕೊಡುವುದು, ಎರಡನ್ನೂ ಜೋಡಿಸಿ ನಾವು ಯೂಟ್ಯೂಬಿಗೆ ಹಾಕುವುದು. ಹೊಸ ಐಡಿಯಾ ಏನಲ್ಲ. 2007ರಲ್ಲೇ ಅಮೆರಿಕದಲ್ಲಿ ಸಿಎನ್‌ಎನ್ ಮತ್ತು ಯೂಟ್ಯೂಬ್ ಸೇರಿ ಅಧ್ಯಕ್ಷ ಹುದ್ದೆಗೆ ನಿಲ್ಲುವವರ ಮುಂದೆ ಜನರ ವಿಡಿಯೋ ಪ್ರಶ್ನೆಗಳನ್ನು ಇಟ್ಟಿದ್ದವು. ಒಂದು ವಿಡಿಯೋದಲ್ಲಿ ಹಿಮದ ಗೊಂಬೆಯೊಂದು ಭೂಮಿ ಬಿಸಿಯಾಗುವುದರ ಬಗ್ಗೆ ಕೇಳಿತ್ತು. ನಮ್ಮಲ್ಲಿ ಹಿಮ ಎಲ್ಲಿ ಮಾರಾಯ್ರೆ, ಏಪ್ರಿಲ್ ಸೆಕೆ.

ಮೊದಲ ವಾರ ಬಂದದ್ದು ಅಷ್ಟಕ್ಕಷ್ಟೆ. ಜಾಸ್ತಿ ಜನ ಸೋಫಾದಲ್ಲಿ ಕೂತು "ಕ್ಷೇತ್ರದ ಅಭಿವೃದ್ಧಿಗೆ ನಿಮ್ಮ ಯೋಜನೆ ಏನು?" ಅಂತ ಕೇಳಿದ್ದರು. ಇದಕ್ಕೆ ಯಾವ ಅಭ್ಯರ್ಥಿಯಾದರೂ ನಿದ್ದೆಯಲ್ಲೂ ಉತ್ತರ ಹೇಳುತ್ತಾರೆ. ಕೆಲವರು ಸುಮ್ನೆ ಬೈದಿದ್ದರು, ಅವನ್ನು ಪಕ್ಕಕ್ಕಿಟ್ಟೆವು. ಮಲ್ಪೆ ಬಂದರಿನಿಂದ ಬಂದ ಎರಡು ಒಳ್ಳೆಯ ಪ್ರಶ್ನೆಗಳಲ್ಲಿ ಗಾಳಿ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಇಯರ್‌ಫೋನ್ ಮೈಕಿಗೆ ಕರ್ಚೀಫು ಸುತ್ತಿ ಮಾತಾಡಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿ ಅಂತ ಹೇಳಿಕೊಟ್ಟ ಮೇಲೆ ಸರಿಯಾಯಿತು. ಹಾಗೇ ಕಳಿಸಿದರೆ ವಿಡಿಯೋ ಮಸುಕಾಗುತ್ತದೆ.

ಇಂದ್ರಾಳಿ ರೈಲ್ವೆ ಮೇಲ್ಸೇತುವೆ ಬಗ್ಗೆ ರಾಶಿ ಪ್ರಶ್ನೆ ಬಂದವು. ಕೇಳಬೇಕಾದ್ದೇ. ಆದರೆ ಶಾಸಕರಾಗಲು ನಿಂತವರು "ಅದು ಹೆದ್ದಾರಿ ಇಲಾಖೆಯದ್ದು, ರೈಲ್ವೆಯದ್ದು, ಕೇಂದ್ರದ್ದು" ಅಂತ ಒಂದೇ ಉಸಿರಲ್ಲಿ ಜಾರಿಕೊಂಡರು. ಆಮೇಲಿಂದ ಪ್ರಶ್ನೆ ಆರಿಸುವಾಗ ಮೊದಲು ನೋಡುತ್ತಿದ್ದದ್ದು, ಇದು ಶಾಸಕರ ಕೈಯಲ್ಲಿ ಆಗುವ ಕೆಲಸ ಹೌದಾ ಅಂತ.

ಆಗ ಬಂತು ಆ ವಿಡಿಯೋ. ನದಿ ದಡದ ಒಂದು ಹಳ್ಳಿ, ಅಲ್ಲಿನ ಒಬ್ಬರು ಅಕ್ಕ. ಮಗ ಮೊಬೈಲ್ ಹಿಡಿದಿದ್ದ. ಅವರು ಮಾತಾಡುವ ಮೊದಲು ಬಾವಿಗೆ ಕೊಡಪಾನ ಇಳಿಸಿದರು. ರಾಟೆ ಕಿರ್ ಅಂದಿತು. ಮೇಲೆ ಬಂದ ನೀರನ್ನು ಲೋಟಕ್ಕೆ ಬಗ್ಗಿಸಿ ಕ್ಯಾಮೆರಾ ಮುಂದೆ ಚಾಚಿ, "ಒರ ಪರ್ದ್ ತೂಲೆ" ಅಂದರು. ತುಳುವಿನಲ್ಲಿ, ಒಮ್ಮೆ ಕುಡಿದು ನೋಡಿ ಅಂತ. ನೋಡಲು ತಿಳಿಯಾದ ನೀರು, ಆದರೆ ಉಪ್ಪು. ಆಮೇಲೆ ಕೇಳಿದ್ದು ಒಂದೇ ಮಾತು: ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ಸಮುದ್ರದ ನೀರು ಹೊಳೆಯೊಳಗೆ ಏರಿ ಬರುತ್ತದೆ, ಈ ಸಲ ಯಾವ ತಿಂಗಳಲ್ಲಿ ಹಾಕಿಸುತ್ತೀರಿ? ಕಿಂಡಿ ಅಣೆಕಟ್ಟು ಅಂದರೆ ಹೊಳೆಗೆ ಅಡ್ಡ ಕಟ್ಟಿದ, ನಡುನಡುವೆ ಕಿಂಡಿ ಬಿಟ್ಟ ಗಿಡ್ಡ ಕಟ್ಟೆ; ಮಳೆಗಾಲ ಮುಗಿದ ಮೇಲೆ ಆ ಕಿಂಡಿಗಳನ್ನು ಹಲಗೆ ಹಾಕಿ ಮುಚ್ಚುತ್ತಾರೆ.

ಒಟ್ಟು ಮೂವತ್ತು ಸೆಕೆಂಡು. ಕನ್ನಡ ಸಬ್‌ಟೈಟಲ್ ಹಾಕಿ ಎಲ್ಲ ಅಭ್ಯರ್ಥಿಗಳಿಗೂ ಅದನ್ನೇ ಕಳಿಸಿದೆವು. ಉತ್ತರಕ್ಕೆ ಎಲ್ಲರಿಗೂ ಎರಡೇ ನಿಮಿಷ, ಕತ್ತರಿ ಹಾಕುವುದಿಲ್ಲ, ಯಾರದ್ದು ಮೊದಲು ಅಂತ ಚೀಟಿ ಎತ್ತಿ ತೀರ್ಮಾನ. ಇದನ್ನು ಮೊದಲೇ ಬರೆದು ಕೊಟ್ಟದ್ದು ಒಳ್ಳೆಯದಾಯಿತು. ಒಬ್ಬರ ಕಡೆಯವರು ದುಡ್ಡು ಕೊಡುತ್ತೇವೆ, ನಮ್ಮದನ್ನು ಜಾಸ್ತಿ ಜನಕ್ಕೆ ತೋರಿಸಿ ಅಂದರು. ಸೋಷಿಯಲ್ ಮೀಡಿಯಾ ಖರ್ಚೂ ಅಭ್ಯರ್ಥಿಯ 40 ಲಕ್ಷದ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತದೆ ಅಂತ ನೆನಪಿಸಿದೆ. ಮತ್ತೆ ಫೋನ್ ಬರಲಿಲ್ಲ.

ಉತ್ತರ ತರಿಸುವುದೇ ದೊಡ್ಡ ತಲೆನೋವು. ಅಭ್ಯರ್ಥಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ, ಅವರ ಜೊತೆ ಕಾರಿನಲ್ಲಿ ತಿರುಗುವ ಹುಡುಗನನ್ನು ಹಿಡಿಯಬೇಕು. ಒಬ್ಬರದ್ದು ರಾತ್ರಿ ಹನ್ನೊಂದಕ್ಕೆ, ಪ್ರಚಾರ ಮುಗಿಸಿ ಕಾರಿನ ಲೈಟಿನಲ್ಲೇ ತೆಗೆದದ್ದು. ಇನ್ನೊಬ್ಬರು "ನೀರಿನ ಸಮಸ್ಯೆಗೆ ಶಾಶ್ವತ ಪರಿಹಾರ" ಅಂತ ಶುರು ಮಾಡಿದರು. ತಿಂಗಳು ಹೇಳಲಿಲ್ಲ. ನಾವು ಪ್ರಶ್ನೆಯನ್ನು ಮತ್ತೆ ಕಳಿಸಿದೆವು, ಲೋಟ ಚಾಚಿದ ಆ ಐದು ಸೆಕೆಂಡು ಮಾತ್ರ. ಎರಡನೇ ಸಲ "ನವೆಂಬರ್ ಒಳಗೆ" ಅಂದರು. ಪ್ರಶ್ನೆ ಬರೆದು ಕಳಿಸಿದ್ದರೆ ಈ ಉತ್ತರ ಬರುತ್ತಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಲೋಟ ಎದುರಿಗಿರುವಾಗ ಶಾಶ್ವತ ಪರಿಹಾರ ಅನ್ನುವುದು ಸ್ವಲ್ಪ ಕಷ್ಟ, ಅಲ್ವಾ?

ಮತದಾನ ಮೇ 10ಕ್ಕೆ ಇತ್ತು. ಅದು ಮುಗಿಯುವ 48 ಗಂಟೆ ಮೊದಲು ಪ್ರಚಾರ ನಿಲ್ಲಬೇಕು. ನಮ್ಮದು ಪ್ರಚಾರ ಅಲ್ಲದಿದ್ದರೂ ಯಾಕೆ ಸುಮ್ನೆ ರಗಳೆ ಅಂತ 8ರ ಸಂಜೆ ಆರರ ನಂತರ ಒಂದು ವಿಡಿಯೋವನ್ನೂ ಹಾಕಲಿಲ್ಲ. ಎರಡು ಉತ್ತರಗಳು ಹಾಗೇ ನನ್ನ ಲ್ಯಾಪ್‌ಟಾಪಿನಲ್ಲಿ ಉಳಿದವು. ತಡ ಮಾಡಿದ್ದು ನಾವೇ, ಸಬ್‌ಟೈಟಲ್ ಮುಗಿದಿರಲಿಲ್ಲ. ಮುಂದಿನ ಸಲ ಈ ಕೆಲಸಕ್ಕೇ ಒಬ್ಬರು ಬೇಕು.

ನವೆಂಬರ್ ಅಂದವರು ಗೆದ್ದರೋ ಸೋತರೋ ಇಲ್ಲಿ ಬರೆಯುವುದಿಲ್ಲ. ಡಿಸೆಂಬರಿನಲ್ಲಿ ಆ ಅಕ್ಕನ ನಂಬರಿನಿಂದ ಇನ್ನೊಂದು ವಿಡಿಯೋ ಬಂತು. ಮಾತಿಲ್ಲ. ಅಣೆಕಟ್ಟಿನ ಪಕ್ಕ ದಡದ ಮೇಲೆ ಹಲಗೆಗಳ ರಾಶಿ, ಮೇಲೆ ಒಣಗಲು ಹಾಕಿದ ಯಾರದ್ದೋ ಬಲೆ. ಈ ಸಲ ಡಾಕ್ಯುಮೆಂಟ್ ಮಾಡಿಯೇ ಕಳಿಸಿದ್ದರು. ಕೆಳಗೆ ಒಂದು ಸಾಲು: "ಇದನ್ನು ಯಾರಿಗೆ ಕಳಿಸುವುದು ಅಣ್ಣಾ?"