ಒಬಾಮಾಕೇರ್ ಜಗಳ: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರು ತಿಳಿದಿರಬೇಕಾದ್ದು

ಅಮೆರಿಕಕ್ಕೆ ಬಂದು ಒಂದೆರಡು ತಿಂಗಳಾಗುವಷ್ಟರಲ್ಲಿ ಈ ಜಗಳ ನಿಮ್ಮ ಕಿವಿಗೆ ಬೀಳುತ್ತದೆ. ಒಬಾಮಾಕೇರ್ ಎಂಬ ಆರೋಗ್ಯ ಇನ್ಶೂರೆನ್ಸ್ ಕಾನೂನು ರದ್ದಾಗಬೇಕು ಅಂತ ಒಬ್ಬರು, ಅದನ್ನು ಮುಟ್ಟಬಾರದು ಅಂತ ಇನ್ನೊಬ್ಬರು. "ನಮಗೆ ಆಫೀಸಿನ ಇನ್ಶೂರೆನ್ಸ್ ಇದೆಯಲ್ಲ, ಇದು ಅವರವರ ರಾಜಕೀಯ" ಎಂದು ಹೊಸಬರು ಸುಮ್ಮನಾಗುವುದನ್ನು ನಾನು ಇಲ್ಲಿ ನ್ಯೂಜೆರ್ಸಿಯಲ್ಲಿ ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ. ದಯವಿಟ್ಟು ಸುಮ್ಮನಾಗಬೇಡಿ. ಆ ಕಾನೂನು ನಿಮ್ಮ ಆಫೀಸಿನ ಇನ್ಶೂರೆನ್ಸ್ ಒಳಗೂ ಇದೆ.

ಒಬಾಮಾ ಅದಕ್ಕೆ ಸಹಿ ಹಾಕಿದ್ದು 2010ರ ಮಾರ್ಚ್ 23ರಂದು. ಕಾಗದದ ಮೇಲಿನ ಹೆಸರು ಅಫೋರ್ಡಬಲ್ ಕೇರ್ ಆಕ್ಟ್, ಚಿಕ್ಕದಾಗಿ ಎಸಿಎ. ಮಕ್ಕಳು 26 ವರ್ಷದವರೆಗೆ ತಂದೆ-ತಾಯಿಯ ಪಾಲಿಸಿಯಲ್ಲಿ ಇರಬಹುದು. ಲಸಿಕೆ, ಮ್ಯಾಮೊಗ್ರಾಂ ತರಹದ ತಪಾಸಣೆಗೆ ಕೈಯಿಂದ ದುಡ್ಡು ಕೊಡಬೇಕಿಲ್ಲ. ಜೀವಮಾನಕ್ಕೆ ಇಷ್ಟೇ ಕೊಡುತ್ತೇವೆ ಎಂದು ಕಂಪನಿ ಮಿತಿ ಹಾಕುವಂತಿಲ್ಲ. ಆದರೆ ನಮ್ಮಂಥವರಿಗೆ ಎಲ್ಲಕ್ಕಿಂತ ದೊಡ್ಡದು ಬೇರೆ: ಮೊದಲೇ ಇದ್ದ ಕಾಯಿಲೆಯ ನೆಪ ಹೇಳಿ ನಿಮ್ಮನ್ನು ಹೊರಗಿಡುವಂತಿಲ್ಲ.

ಇದು ಬರುವ ಮುಂಚೆ ಏನಿತ್ತು? ಸ್ವಂತವಾಗಿ ಪಾಲಿಸಿ ತಗೊಳ್ಳಲು ಹೋದರೆ ಹೆಚ್ಚಿನ ರಾಜ್ಯಗಳಲ್ಲಿ ಶುಗರ್ ಇದೆ, ಗರ್ಭಿಣಿ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಬಹುದಿತ್ತು. ಆಫೀಸಿನ ಇನ್ಶೂರೆನ್ಸಿನಲ್ಲೂ, ಅದಕ್ಕೆ ಮೊದಲು ಬೇರೆ ಇನ್ಶೂರೆನ್ಸ್ ಇತ್ತು ಎಂದು ತೋರಿಸಲಾಗದವರಿಗೆ ಹಳೆಯ ಕಾಯಿಲೆಯ ಖರ್ಚನ್ನು 12 ತಿಂಗಳವರೆಗೆ ಕೊಡದೇ ಇರಬಹುದಿತ್ತು. ಊರಿಂದ ಆಗಷ್ಟೇ ಬಂದವರಿಗೇ ಆ ನಿಯಮದ ಪೆಟ್ಟು ಜಾಸ್ತಿ. ನಮ್ಮಲ್ಲಿ ಮೂವತ್ತಕ್ಕೇ ಶುಗರ್, ಬಿಪಿ ಇರುವ ಮನೆಗಳು ಎಷ್ಟಿಲ್ಲ?

ಎಸಿಎ ಇಲ್ಲದ ಇನ್ಶೂರೆನ್ಸ್ ಹೇಗಿರುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ, ಬಾಣಂತನಕ್ಕೆ ಬರುವ ಅಪ್ಪ-ಅಮ್ಮನಿಗೆ ನೀವು ಕೊಳ್ಳುವ ವಿಸಿಟರ್ ಪಾಲಿಸಿಯನ್ನು ತೆಗೆದು ಓದಿ. ಅದಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ. 50 ಸಾವಿರ ಇಲ್ಲವೇ 1 ಲಕ್ಷ ಡಾಲರ್ ಎಂಬ ಮಿತಿ ಮೊದಲ ಪುಟದಲ್ಲೇ ಇರುತ್ತದೆ. ವಯಸ್ಸು ಎಪ್ಪತ್ತು ದಾಟಿದರೆ ಆ ಮಿತಿ ಇನ್ನೂ ಕೆಳಗಿಳಿಯಬಹುದು. ಅಮ್ಮನ ಶುಗರ್‌ನಿಂದ ಬರುವ ಖರ್ಚು ಸಾಮಾನ್ಯವಾಗಿ ಸೇರಿರುವುದಿಲ್ಲ. "ಹಳೆಯ ಕಾಯಿಲೆ ದಿಢೀರನೆ ಉಲ್ಬಣಿಸಿದರೆ ಕೊಡುತ್ತೇವೆ" ಎಂಬ ಸಾಲು ಇದ್ದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕಾರು ಷರತ್ತು ಇರುತ್ತವೆ. ಟಿಕೆಟ್ ಬುಕ್ ಮಾಡುವ ಮೊದಲೇ ಅವನ್ನು ಓದಿಬಿಡಿ. ಆಮೇಲೆ ನಿಮ್ಮ ಆಫೀಸಿನ ಪಾಲಿಸಿ ಪಕ್ಕಕ್ಕಿಟ್ಟು ನೋಡಿ. ರಾಜಕೀಯದವರು ಯಾವುದಕ್ಕೆ ಹೊಡೆದಾಡುತ್ತಿದ್ದಾರೆ ಎಂದು ಅರ್ಥವಾಗುತ್ತದೆ.

ಈ ಹೊಡೆದಾಟ ಅತಿ ಜೋರಾಗಿದ್ದು 2017ರಲ್ಲಿ. "ತೆಗೆದುಹಾಕಿ ಬೇರೆಯದು ತರುತ್ತೇವೆ" ಎಂದು ರಿಪಬ್ಲಿಕನ್ನರು ಏಳು ವರ್ಷ ಹೇಳಿಕೊಂಡು ಬಂದಿದ್ದರು. ಟ್ರಂಪ್ ಅಧ್ಯಕ್ಷರಾದರು, ಎರಡೂ ಸದನ ಅವರ ಪಕ್ಷದ ಕೈಯಲ್ಲಿತ್ತು. ಮೇ 4ರಂದು ಕೆಳಮನೆಯಲ್ಲಿ 217-213ರಿಂದ ಮಸೂದೆ ಪಾಸಾಯಿತು. ಅದರಲ್ಲಿದ್ದ ಎರಡು ಅಂಶ ನಮ್ಮವರಿಗೆ ನೇರ ತಟ್ಟುತ್ತಿದ್ದವು. ಸ್ವಂತ ಪಾಲಿಸಿಯಲ್ಲಿ ಹಿರಿಯರಿಗೆ ಯುವಕರ ಮೂರು ಪಟ್ಟಿನಷ್ಟು ಪ್ರೀಮಿಯಂ ಮಾತ್ರ ಹಾಕಬಹುದು ಎಂದು ಇರುವುದನ್ನು ಐದು ಪಟ್ಟಿಗೆ ಏರಿಸುತ್ತಿತ್ತು. ನಡುವೆ 63 ದಿನ ಇನ್ಶೂರೆನ್ಸ್ ಇಲ್ಲದೆ ಇದ್ದವರು ಮತ್ತೆ ಕೊಳ್ಳಲು ಬಂದರೆ ಒಂದು ವರ್ಷ ಶೇ. 30ರಷ್ಟು ಹೆಚ್ಚು ಕಟ್ಟಬೇಕಿತ್ತು. ಈ ಮಸೂದೆ ಕಾನೂನಾದರೆ 2026ರ ಹೊತ್ತಿಗೆ 2.3 ಕೋಟಿ ಹೆಚ್ಚು ಜನರಿಗೆ ಇನ್ಶೂರೆನ್ಸ್ ಇರುವುದಿಲ್ಲ ಎಂದು ಸಂಸತ್ತಿನದೇ ಬಜೆಟ್ ಕಚೇರಿ ಲೆಕ್ಕ ಕೊಟ್ಟಿತು.

ಜುಲೈ 28ರ ನಸುಕಿನಲ್ಲಿ ಸೆನೆಟ್‌ನಲ್ಲಿ (ಮೇಲ್ಮನೆಯಲ್ಲಿ) ಎಸಿಎಯ ಕೆಲವು ಭಾಗ ಮಾತ್ರ ತೆಗೆಯುವ ಇನ್ನೊಂದು ಚಿಕ್ಕ ಮಸೂದೆ ಮತಕ್ಕೆ ಬಂತು. ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಅವರಿಗೆ ಮಿದುಳಿನ ಕ್ಯಾನ್ಸರ್ ಎಂದು ಅದೇ ತಿಂಗಳು ಗೊತ್ತಾಗಿತ್ತು. ಅವರು ಎದ್ದು ಬಂದು, ಸ್ವಂತ ಪಕ್ಷದ ವಿರುದ್ಧ ಹೆಬ್ಬೆರಳು ಕೆಳಗೆ ಮಾಡಿದರು. ಅದೇ ಪಕ್ಷದ ಸೂಸನ್ ಕಾಲಿನ್ಸ್, ಲೀಸಾ ಮುರ್ಕೌಸ್ಕಿ ಕೂಡ ಬೇಡ ಅಂದಿದ್ದರು. 49-51, ಬಿದ್ದುಹೋಯಿತು. ಆ ವಿಡಿಯೋ ಒಮ್ಮೆ ನೋಡಿ. ಇಲ್ಲಿ ಒಂದು ಮತಕ್ಕೆ ಎಷ್ಟು ಬೆಲೆ ಎಂದು ತಿಳಿಯುತ್ತದೆ.

ಆಮೇಲೆ ಡಿಸೆಂಬರಿನ ತೆರಿಗೆ ಕಾನೂನು, ಇನ್ಶೂರೆನ್ಸ್ ಇಲ್ಲದವರಿಗೆ ಇದ್ದ ದಂಡವನ್ನು 2019ರಿಂದ ಸೊನ್ನೆ ಮಾಡಿತು. ಹಾಗಂತ ಎಲ್ಲ ಕಡೆ ದಂಡ ಇಲ್ಲ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ತಮ್ಮದೇ ದಂಡ ಇಟ್ಟುಕೊಂಡಿವೆ. ಸುಪ್ರೀಂ ಕೋರ್ಟ್ 2012, 2015, 2021ರಲ್ಲಿ ಮೂರು ಸಲವೂ ಕಾನೂನನ್ನು ಉಳಿಸಿತು.

ವಿರೋಧಿಸುವವರ ಮಾತನ್ನೂ ಕೇಳಿಸಿಕೊಳ್ಳಿ, ಅದರಲ್ಲಿ ಹುರುಳಿದೆ. "ಈಗಿರುವ ಪ್ಲಾನ್ ಇಷ್ಟವಿದ್ದರೆ ಇಟ್ಟುಕೊಳ್ಳಿ" ಎಂದು ಒಬಾಮಾ ಮಾತು ಕೊಟ್ಟಿದ್ದರು. ಆದರೂ 2013ರಲ್ಲಿ ಲಕ್ಷಾಂತರ ಜನಕ್ಕೆ ಪ್ಲಾನ್ ರದ್ದಾದ ಪತ್ರ ಬಂತು. ಸ್ವಂತ ವ್ಯಾಪಾರ ಮಾಡುವ, ಪ್ರೀಮಿಯಂಗೆ ಸರ್ಕಾರ ಕೊಡುವ ಸಬ್ಸಿಡಿಗೆ ಸ್ವಲ್ಪದರಲ್ಲಿ ತಪ್ಪಿಹೋಗುವ ಕುಟುಂಬಗಳಿಗೆ ಪ್ರೀಮಿಯಂ ವಿಪರೀತ ಏರಿತು. ಅಂಥವರ ಸಿಟ್ಟು ನಿಜವಾದದ್ದು. ನನ್ನ ತಕರಾರು ಇಷ್ಟೇ: ತೆಗೆಯುವುದು ಏನು ಎಂದು ಹೇಳಿದಷ್ಟು ಸ್ಪಷ್ಟವಾಗಿ ಅದರ ಜಾಗಕ್ಕೆ ಬರುವುದು ಏನು ಎಂದು ಅವರ ನಾಯಕರು ಹೇಳಲಿಲ್ಲ.

ಇನ್ನು ನಿಮ್ಮ ಮನೆ ವಿಷಯ. ನಮ್ಮ ಕನ್ನಡ ಕೂಟದ ಒಬ್ಬ ಹುಡುಗನಿಗೆ ಅಕ್ಟೋಬರಿನಲ್ಲಿ ಕೆಲಸ ಹೋಯಿತು. ಹೆಂಡತಿಗೆ ಎಂಟನೇ ತಿಂಗಳು. ಎಚ್-1ಬಿ ಕೆಲಸದ ವೀಸಾ ಆದ್ದರಿಂದ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಹಳೆಯ ಇನ್ಶೂರೆನ್ಸನ್ನೇ ಕೋಬ್ರಾ ಎಂಬ ಕಾನೂನಿನ ಮೂಲಕ ಮುಂದುವರಿಸಬೇಕೇ ಎಂದು ನಿರ್ಧರಿಸಲು 60 ದಿನ. ಮಾರ್ಕೆಟ್‌ಪ್ಲೇಸಿನಲ್ಲಿ (ಎಸಿಎ ಅಡಿ ಸ್ವಂತ ಪಾಲಿಸಿ ಕೊಳ್ಳುವ ಸರ್ಕಾರಿ ತಾಣ) ಹೊಸದು ಕೊಳ್ಳಲೂ 60 ದಿನ. ಕೋಬ್ರಾ ಪತ್ರದಲ್ಲಿದ್ದ ಮೊತ್ತ ನೋಡಿ ಇಬ್ಬರೂ ಬೆವರಿಬಿಟ್ಟರು. ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕಲ್ಲ. ಎಲ್ಲ ಕಾಗದ ಹರಡಿಕೊಂಡು ಲೆಕ್ಕ ಹಾಕಿದೆವು. ಮಾರ್ಕೆಟ್‌ಪ್ಲೇಸಿನವರು ಗರ್ಭಿಣಿ ಎಂದು ಬೇಡ ಅನ್ನುವಂತಿಲ್ಲ, ಹೆರಿಗೆ ಖರ್ಚು ಸೇರಿಯೇ ಇರುತ್ತದೆ. ಆದರೆ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡುವ ಮುಂಚೆ ನಾವೇ ಕೈಯಿಂದ ಕಟ್ಟಬೇಕಾದ ಮೊತ್ತ) ಮೊದಲಿಂದ ಶುರುವಾಗುತ್ತಿತ್ತು, ಡಾಕ್ಟರೂ ಬದಲಾಗುತ್ತಿದ್ದರು. ಹಳೆಯದರಲ್ಲಿ ಡಿಡಕ್ಟಿಬಲ್ ಮುಗಿದಿತ್ತು. ಹಾಗಾಗಿ ಹೆರಿಗೆ ಆಗುವವರೆಗೆ ಕೋಬ್ರಾ ಕಟ್ಟಿದರು, ಅಷ್ಟರೊಳಗೆ ಅವನಿಗೆ ಬೇರೆ ಕೆಲಸವೂ ಸಿಕ್ಕಿತು. ಕೋಬ್ರಾ ಹಳೆಯ ಕಾನೂನು, ಎಸಿಎಗೆ ಸೇರಿದ್ದಲ್ಲ. ಆದರೆ ಅದನ್ನು ಬಿಟ್ಟರೆ ಇನ್ನೊಂದು ದಾರಿ ಇದೆ ಎಂಬ ಧೈರ್ಯ ಕೊಟ್ಟಿದ್ದು ಎಸಿಎ.

ಗ್ರೀನ್ ಕಾರ್ಡ್ ಮೇಲೆ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವವರು ಇದನ್ನು ನೆನಪಿಡಿ. ಇಲ್ಲಿ ಕೆಲಸ ಮಾಡದ ಹಿರಿಯರಿಗೆ 65 ದಾಟಿದ್ದರೂ ಮೆಡಿಕೇರ್ (ಹಿರಿಯರ ಸರ್ಕಾರಿ ಇನ್ಶೂರೆನ್ಸ್) ಕೊಳ್ಳಲು ಐದು ವರ್ಷ ಕಾಯಬೇಕು. ಆ ಐದು ವರ್ಷ ಅವರಿಗೆ ಆಸರೆ ಮಾರ್ಕೆಟ್‌ಪ್ಲೇಸ್ ಪಾಲಿಸಿ. ಅವರು ಬಂದಿಳಿದ 60 ದಿನದೊಳಗೆ ಅರ್ಜಿ ಹಾಕಿ. ತಪ್ಪಿದರೆ ವರ್ಷಕ್ಕೊಮ್ಮೆ ತೆರೆಯುವ ಅವಧಿಗೆ ಕಾಯಬೇಕು. ಹೆಚ್ಚಿನ ರಾಜ್ಯಗಳಲ್ಲಿ ಅದು ನವೆಂಬರ್ 1ಕ್ಕೆ ಶುರು. ನಮ್ಮ ರಾಜ್ಯೋತ್ಸವದ ದಿನ, ಮರೆಯುವ ಹಾಗಿಲ್ಲ ಅಲ್ವಾ? ಕೊನೆಯ ದಿನ ಮಾತ್ರ ನಿಮ್ಮ ರಾಜ್ಯದ್ದೇ ನೋಡಿಕೊಳ್ಳಿ.

ಜಗಳ ಈಗ ಬೇರೆ ರೂಪದಲ್ಲಿದೆ. ಪೂರ್ತಿ ರದ್ದು ಮಾಡುವ ಮಾತು ಕಡಿಮೆ, ತುಂಡು ತುಂಡಾಗಿ ಬದಲಿಸುವುದು ಜಾಸ್ತಿ. 2021ರಲ್ಲಿ ಹೆಚ್ಚಿಸಿದ ಸಬ್ಸಿಡಿಗೆ 2025ರ ಕೊನೆಯವರೆಗೆ ಮಾತ್ರ ಅವಧಿ ಇತ್ತು. ಅದನ್ನು ಮುಂದುವರಿಸುವ ವಿಷಯಕ್ಕೇ ಆ ವರ್ಷ ಅಕ್ಟೋಬರಿನಿಂದ 43 ದಿನ ಸರ್ಕಾರಿ ಕಚೇರಿಗಳು ಮುಚ್ಚಿದ್ದವು. 2025ರ ಜುಲೈ 4ರ ಕಾನೂನು ಇನ್ನೂ ಹತ್ತಿರದ್ದು: 2027ರಿಂದ ಎಚ್-1ಬಿ, ಎಚ್-4 (ಅವರ ಕುಟುಂಬ), ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಸಬ್ಸಿಡಿ ಇಲ್ಲ. ಪಾಲಿಸಿ ಕೊಳ್ಳಬಹುದು, ಪೂರ್ತಿ ಬೆಲೆಗೆ. ಕೆಲಸ ಹೋದರೆ ಏನು ಎಂಬ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ. ಗ್ರೀನ್ ಕಾರ್ಡ್ ಇರುವವರಿಗೆ ಸಬ್ಸಿಡಿ ಉಳಿದಿದೆ.

ಕೊನೆಗೆ ಒಂದು ಎಚ್ಚರಿಕೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ "ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ" ಎಂದು ಕೇಳುತ್ತಾರೆ. ಪೌರತ್ವ ಸಿಗುವವರೆಗೆ ಖಂಡಿತ ಬೇಡ ಅನ್ನಿ. ಗ್ರೀನ್ ಕಾರ್ಡ್ ಇದ್ದರೂ ಬೇಡ. ಹೌದು ಅಂದರೆ ಗಡೀಪಾರಿನವರೆಗೂ ಹೋಗಬಹುದು. ಆದರೆ ನಿಮ್ಮ ಕ್ಷೇತ್ರದ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಸದಸ್ಯರ ಕಚೇರಿಗೆ ಫೋನ್ ಮಾಡಲು ಮತದ ಹಕ್ಕು ಬೇಕಿಲ್ಲ. ಜಿಪ್ ಕೋಡ್ (ಇಲ್ಲಿನ ಪಿನ್ ಕೋಡ್) ಹೇಳಿ, "ಹಳೆಯ ಕಾಯಿಲೆಯವರಿಗೆ ಇರುವ ರಕ್ಷಣೆ ಬಗ್ಗೆ ನಿಮ್ಮ ನಿಲುವೇನು" ಎಂದು ಕೇಳಿ. ಫೋನ್ ಎತ್ತಿದವರು ಬರೆದುಕೊಳ್ಳುತ್ತಾರೆ.